ಮೀನಿನ ಬಾಕ್ಸಿನಲ್ಲಿ ಬದನೆ ಸಸಿ

ನಾನು ಕುಂದಾಪುರದ ಬಟ್ಟೆಯಂಗಡಿಯೊಂದರಲ್ಲಿ ಸೀರೆ ಬಿಚ್ಚಿ ತೋರಿಸುವವಳು. ದಿನವಿಡೀ ನಗುಮುಖ ಇಟ್ಟುಕೊಳ್ಳುವುದಕ್ಕೇ ನನಗೆ ಸಂಬಳ ಎಂದರೂ ತಪ್ಪಿಲ್ಲ. ಅಂಗಡಿಯ ಅರ್ಧ ಸೀರೆ ಬಿಚ್ಚಿಸಿ, ಬಣ್ಣ ಹಿಡಿಸಲಿಲ್ಲ ಎಂದು ಸೆರಗು ಕೊಡವಿಕೊಂಡು ಎದ್ದು ಹೋಗುವವರ ಮುಂದೆಯೂ ಹಲ್ಲು ಕಾಣಿಸಬೇಕು. ಹಾಗಾಗಿ ಸಂಜೆ ಕೋಡಿಯ ಬಸ್ಸಿನಿಂದ ಇಳಿಯುವ ಹೊತ್ತಿಗೆ ನನ್ನಲ್ಲಿ ನಗು ಪೂರ್ತಿ ಖಾಲಿ. ಅಂಥ ಒಂದು ಸಂಜೆ, ಜೋರು ಮಳೆಯಲ್ಲಿ ಕೊಡೆ ಮಡಚುತ್ತ ಜಗಲಿ ಹತ್ತಿದರೆ ಕಾಲಿಡಲು ಜಾಗವಿಲ್ಲ. ಎಲ್ಲಿ ನೋಡಿದರಲ್ಲಿ ಡಬ್ಬಿಗಳು.

ಬಾಯಿ ಕತ್ತರಿಸಿದ ಹಾಲಿನ ಪ್ಯಾಕೆಟ್, ಐಸ್‌ಕ್ರೀಮಿನ ಡಬ್ಬಿ, ಮೊಟ್ಟೆಯ ಟ್ರೇ, ಯಾವುದೋ ಮದುವೆಯಿಂದ ತಂದ ಪೇಪರ್ ಲೋಟ, ಕಣ್ಣು ಚುಚ್ಚಿದ ತೆಂಗಿನ ಗೆರಟೆ. ಎಲ್ಲದರಲ್ಲೂ ಕೆಂಪು ಮಣ್ಣು. ನಡುವೆ ಅಮ್ಮ ಕುಕ್ಕರಗಾಲಿನಲ್ಲಿ ಕೂತು ಕಾಯಿಸಿದ ದಬ್ಬಣದಿಂದ ಪ್ಯಾಕೆಟ್ಟಿನ ತಳಕ್ಕೆ ತೂತು ಹಾಕುತ್ತಿದ್ದಳು. ಪ್ಲಾಸ್ಟಿಕ್ ಸುಟ್ಟ ನಾತ. ಇದೆಂತದು ಎಂದು ಕೇಳಿದೆ. ಬೀಜ ಹಾಕುವುದು ಎಂದಳು, ತಲೆ ಎತ್ತದೆ.

ಅಮ್ಮ ನಮ್ಮ ಮನೆಗೆ ಬಂದ ಮೊದಲ ಮಳೆಗಾಲ ಅದು. ಬಂದಳು ಎಂದು ನಾನು ಹೇಳುವುದು, ಅವಳ ಪ್ರಕಾರ ಬಂದು ಹೋಗುವುದು. ಬಿಜೂರಿನಲ್ಲಿ ಅಪ್ಪಯ್ಯ ತೀರಿಕೊಂಡ ಮೇಲೆ ಮನೆ ಪಾಲಿಗೆ ಬಿತ್ತು. ದಾಯಾದಿಗಳೆಲ್ಲ ಕೂಡಿ ಗದ್ದೆ, ಹಿತ್ತಲು, ಮನೆ ಎಲ್ಲವನ್ನೂ ಒಬ್ಬರಿಗೇ ಮಾರಿದರು. ಕೊಂಡವರು ಮೊದಲು ಮಾಡಿದ ಕೆಲಸ ಕಾಂಪೌಂಡ್ ಕಟ್ಟಿಸಿದ್ದು. ಅಮ್ಮನಿಗೆ ನಾವು ಇಬ್ಬರು ಹೆಣ್ಣುಮಕ್ಕಳು: ನಾನು ಕೋಡಿಯಲ್ಲಿ, ತಂಗಿ ಸಾಸ್ತಾನದಲ್ಲಿ ಹೆದ್ದಾರಿ ಬದಿಯ ಬಾಡಿಗೆ ಮನೆಯಲ್ಲಿ. ಗಂಡುಮಕ್ಕಳಿಲ್ಲದ ತಾಯಿ ಮಗಳ ಮನೆಯಲ್ಲಿ ಬೀಡುಬಿಟ್ಟಳು ಎಂದು ಜನ ಆಡಿಕೊಳ್ಳಬಾರದಲ್ಲ! ಅದಕ್ಕೆ ಅಮ್ಮ ಒಂದಷ್ಟು ದಿನ ಇಲ್ಲಿ, ಒಂದಷ್ಟು ದಿನ ಅಲ್ಲಿ. ಅವಳ ಸೀರೆಗಳಿಗೆಂದು ನಾನು ಕಪಾಟಿನಲ್ಲಿ ಒಂದು ಖಾನೆ ಖಾಲಿ ಮಾಡಿಕೊಟ್ಟಿದ್ದೆ. ಅವಳು ಅದರಲ್ಲಿ ಒಂದು ಕರವಸ್ತ್ರವನ್ನೂ ಇಡಲಿಲ್ಲ. ಎಲ್ಲ ಚೀಲದಲ್ಲೇ. ಸ್ನಾನ ಮಾಡಿ ಬಂದು ಚೀಲ ಬಿಚ್ಚುತ್ತಿದ್ದಳು, ಮತ್ತೆ ಕಟ್ಟುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು. ಹೆತ್ತವಳು ನನ್ನ ಮನೆಯಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಕೂತ ಹಾಗೆ ಕೂತಿದ್ದಾಳೆ ಎಂದು.

ನಮ್ಮ ಮನೆ ಇರುವುದು ಕಡಲಿಗೆ ಹತ್ತಿರ. ಅಂಗಳ ಅಗೆದರೆ ಹೊಯ್ಗೆ, ಅಂದರೆ ಬರೀ ಮರಳು. ಇದು ಮಣ್ಣೇ ಅಲ್ಲ ಎಂದು ಅಮ್ಮ ಬಂದ ದಿನವೇ ತೀರ್ಪು ಕೊಟ್ಟಿದ್ದಳು. ಆಮೇಲೊಂದು ದಿನ ಬಿಜೂರಿಗೆ ಯಾರದೋ ಬೊಜ್ಜಕ್ಕೆಂದು, ಸತ್ತವರ ಉತ್ತರಕ್ರಿಯೆಯ ಊಟಕ್ಕೆಂದು ಹೋದವಳು ಅಕ್ಕಿ ಚೀಲದ ತುಂಬ ಕೆಂಪು ಮಣ್ಣು ಹೇರಿಕೊಂಡು ಬಸ್ಸಿನಲ್ಲಿ ಬಂದಳು. ಕಂಡಕ್ಟರ್ ಲಗೇಜು ಕೇಳಿದನಂತೆ. ಮಣ್ಣಿಗೆ ಎಂಥ ಲಗೇಜು ಎಂದು ಅವನಿಗೇ ಜೋರು ಮಾಡಿ ಬಂದಿದ್ದಳು. ಕಲ್ಲು ಆರಿಸಿ, ಒಣ ಸಗಣಿ ಪುಡಿ ಸೇರಿಸಿ, ನನ್ನ ಹಿಟ್ಟಿನ ಜರಡಿಯಲ್ಲೇ ಆ ಮಣ್ಣನ್ನು ಜರಡಿ ಹಿಡಿದಿದ್ದಳು. ನಾನು ಹೊಸ ಜರಡಿ ತಂದೆ.

ಮಳೆ ಬಿಡುವವರೆಗೆ ನಮ್ಮ ಕಡೆ ಹೊರಗೆ ಬೀಜ ಹಾಕಿ ಸುಖವಿಲ್ಲ. ಆಸಾಡಿ ಮಳೆಯ ಒಂದು ಹೊಡೆತಕ್ಕೆ ಬೀಜ, ಮಣ್ಣು ಎಲ್ಲ ತೋಡಿಗೆ ಹೋಗುತ್ತದೆ. ಬದನೆ, ಮೆಣಸು ಇಂಥದ್ದನ್ನು ಒಳಗೇ ಮೊಳಕೆ ಬರಿಸಿ, ಮಳೆ ಸ್ವಲ್ಪ ಹದಕ್ಕೆ ಬಂದ ಮೇಲೆ ನೆಡುವುದು. ಬಿಜೂರಿನ ಮನೆಯಲ್ಲಿ ಅಮ್ಮ ಇದನ್ನು ಒಡೆದ ಕೊಡಪಾನದಲ್ಲಿ, ಹಳೆ ಬುಟ್ಟಿಯಲ್ಲಿ ಮಾಡುತ್ತಿದ್ದಳು. ಇಲ್ಲಿಯೂ ನಾನು ಪೇಟೆಯಿಂದ ಒಳ್ಳೆಯ ಕುಂಡ ತರುತ್ತೇನೆ, ಅಂಗಳದ ಮೂಲೆಯಲ್ಲಿ ನಮ್ಮನೆಯವರ ಹತ್ತಿರ ಮಡಿ ಮಾಡಿಸುತ್ತೇನೆ ಎಂದೆ. ಅಮ್ಮ ಎರಡನ್ನೂ ಒಪ್ಪಲಿಲ್ಲ. ಯಾಕೆ ಎಂದರೆ ಮೊದಲು ಏನೇನೋ ಸಬೂಬು ಹೇಳಿದಳು. ನಾನು ಬಿಡಲಿಲ್ಲ. ಕಡೆಗೆ ದಬ್ಬಣ ಕೆಳಗಿಟ್ಟು ಹೇಳಿದಳು:

"ಮಗಳ್ ಮನಿ ಮಣ್ಣಂಗೆ ಬೇರ್ ಬಿಡುಕಾಗ. ಇದಾರೆ ನಾ ಹೋಪತಿಗೆ ಹೊತ್ಕಂಡ್ ಹೋಯ್ಲಕ್ಕ್."

ಮಗಳ ಮನೆಯ ಮಣ್ಣಿನಲ್ಲಿ ಬೇರು ಬಿಡಬಾರದಂತೆ, ಡಬ್ಬಿಯಾದರೆ ಹೋಗುವಾಗ ಹೊತ್ತುಕೊಂಡು ಹೋಗಬಹುದಂತೆ! ಸಿಟ್ಟು ಬಂತು. ಒಳಗೆ ಹೋಗಿ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ಇಟ್ಟೆ. ಯಾರು ಮಾಡಿದ ಕಾನೂನೋ ಇದು! ಹಾಲಿನ ಪ್ಯಾಕೆಟ್ಟು ಖಾಲಿಯಾದ ಮೇಲೆ ಯಾರದೂ ಅಲ್ಲ, ಗೆರಟೆ ಯಾರದೂ ಅಲ್ಲ, ಆದ್ದರಿಂದ ಅವಳು ಅವುಗಳಲ್ಲಿ ನೆಡಬಹುದು. ನನ್ನ ಅಂಗಳ ಮಾತ್ರ ಆಗದು.

ಈಗ ನಮ್ಮ ಅತ್ತೆಯ ವಿಷಯ ಹೇಳಬೇಕು. ಅತ್ತೆ ಬುಟ್ಟಿ ಹೊತ್ತು ಮೀನು ಮಾರಿದವರು. ಗಂಗೊಳ್ಳಿಯ ಬಂದರಿನಲ್ಲಿ ಮೀನು ಕೊಂಡು, ಬಸ್ಸು ಹತ್ತಿ, ಬಿಜೂರಿನ ಕಡೆಯ ಮನೆಮನೆಗೆ ತಿರುಗಿದವರು. ಮೊಣಕಾಲಿನ ಗಂಟು ಹೋದ ಮೇಲೆ ಮನೆಯಲ್ಲೇ ಕೂತಿದ್ದರು. ಕಾಲು ಕೂತರೂ ಬಾಯಿ ಕೂರಲಿಲ್ಲ. ಮೀನಿನ ಸಂತೆಯಲ್ಲಿ ಅವರ ಹತ್ತಿರ ಮಾತಿನಲ್ಲಿ ಗೆದ್ದವರಿಲ್ಲ ಎಂದು ಅವರ ಜೊತೆಯವರು ಈಗಲೂ ಹೇಳುತ್ತಾರೆ. ನನ್ನ ಅಮ್ಮನನ್ನು ಅವರು ಅತ್ಗೆ ಎಂದು ಕರೆಯುತ್ತಿದ್ದರು, ಅಮ್ಮನೂ ಅವರನ್ನು ಅತ್ಗೆ ಎನ್ನುತ್ತಿದ್ದಳು. ಬೀಗಿತ್ತಿಯರಿಬ್ಬರ ನಡುವೆ ಜಗಳವೂ ಇರಲಿಲ್ಲ, ಸಲಿಗೆಯೂ ಇರಲಿಲ್ಲ. ಅಮ್ಮ ಅವರ ಎದುರು ಕಾಲು ಚಾಚಿ ಕೂರುತ್ತಿರಲಿಲ್ಲ. ಒಂದು ಲೋಟ ಚಾ ಹೆಚ್ಚು ಕುಡಿಯಬೇಕಾದರೂ ನಾನು ಅಂಗಡಿಯಿಂದ ಬರುವವರೆಗೆ ಕಾಯುತ್ತಿದ್ದಳು.

ಮಳೆಗಾಲದಲ್ಲಿ ದೋಣಿಗಳು ಕಡಲಿಗೆ ಇಳಿಯುವಂತಿಲ್ಲವಲ್ಲ, ನಮ್ಮನೆಯವರು ಬಲೆ ಸರಿಮಾಡುತ್ತ ಮನೆಯಲ್ಲಿದ್ದರು. ಮೀನು ತುಂಬುವ ಥರ್ಮಾಕೋಲ್ ಬಾಕ್ಸುಗಳು ಹಿಂದುಗಡೆ ಸುಮ್ಮನೆ ಬಿದ್ದಿದ್ದವು. ಅಂಚು ಒಡೆದ ಒಂದನ್ನು ಅತ್ತೆಯೇ ಅಮ್ಮನಿಗೆ ಎತ್ತಿ ಕೊಡಿಸಿದರು. ಇದು ಹೇಗೂ ಬಿಸಾಡುವುದೇ, ಬೇಕಾದರೆ ತಕೊಳ್ಳಿ ಎಂದು. ಬಿಸಾಡುವುದು ಎಂದ ಕೂಡಲೆ ಅಮ್ಮ ಒಪ್ಪಿದಳು. ಉಪ್ಪುನೀರು, ಐಸು ಕುಡಿದ ಬಾಕ್ಸು ಅದು. ಅಮ್ಮ ಬೂದಿ ಹಾಕಿ ತಿಕ್ಕಿ ತಿಕ್ಕಿ ತೊಳೆದಳು, ಮಳೆ ನೀರಿಗೆ ಹಿಡಿದಳು, ಬಿಸಿಲು ಬಂದ ಗಳಿಗೆ ನೋಡಿ ಹೊರಗಿಟ್ಟಳು. ನೆಕ್ಕಿಯೂ ನೋಡಿದಳೋ ಏನೋ, ನಾನು ಕಂಡಿಲ್ಲ. ತಳಕ್ಕೆ ತೂತು ಮಾಡಿ, ತೂತಿನ ಮೇಲೆ ಗೆರಟೆಯ ಚೂರು ಇಟ್ಟು, ಮಣ್ಣು ತುಂಬಿದಳು.

ಆ ಬಾಕ್ಸು ಬದನೆಗೆ ಮೀಸಲು. ಬಿಜೂರಿನ ನಮ್ಮ ಮನೆಯ ಬದನೆಗೆ ಹೆಸರಿಲ್ಲ, ಮನೆ ಬದನೆ ಎನ್ನುತ್ತಿದ್ದೆವು. ತಿಳಿ ಹಸಿರು ಮೈ, ಬಿಳಿ ಗೀಟು, ತೊಟ್ಟಿನಲ್ಲಿ ಎಲೆಯಲ್ಲಿ ಮುಳ್ಳು. ಕೊಯ್ಯುವಾಗ ಕೈಗೆ ಹೆಟ್ಟುತ್ತದೆ, ಹುಳಿಗೆ ಹಾಕಿದರೆ ಬೆಣ್ಣೆ. ಮನೆ ಬಿಡುವ ಮುಂಚೆ ಗಿಡದಲ್ಲಿ ಹಳದಿಯಾಗಿದ್ದ ಕಡೆಯ ಕಾಯಿಯನ್ನು ಅಮ್ಮ ಕಿತ್ತು ಬೀಜ ತೆಗೆದು, ಬೂದಿಯಲ್ಲಿ ಹೊರಳಿಸಿ ಒಣಗಿಸಿ, ಹಳೆ ಸೀರೆಯ ಚೂರಿನಲ್ಲಿ ಗಂಟು ಕಟ್ಟಿ ತಂದಿದ್ದಳು. ಹಿಂದಿನ ಸಲ ತಂಗಿಯ ಮನೆಯ ಕಿಟಕಿಯಲ್ಲಿ ಅರ್ಧ ಹಾಕಿ ಏನೂ ಬರಲಿಲ್ಲವಂತೆ. ಉಳಿದದ್ದಿಷ್ಟೇ. ಇದು ಬಾರದೆ ಹೋದರೆ ಬಿಜೂರಿನದು ಎಂದು ಹೇಳಿಕೊಳ್ಳುವುದಕ್ಕೆ ಅವಳ ಕೈಯಲ್ಲಿ ಮತ್ತೇನೂ ಇರಲಿಲ್ಲ.

ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬಚ್ಚಲ ಒಲೆಯ ಪಕ್ಕ ಒಂದು ರಾತ್ರಿ ಇಟ್ಟು, ಬೆಳಿಗ್ಗೆ ಬಾಕ್ಸಿನಲ್ಲಿ ಉದುರಿಸಿ, ಮೇಲಿಂದ ತೆಳ್ಳಗೆ ಮಣ್ಣು ಹರವಿದಳು. ಮುಚ್ಚಲು ಏನಾದರೂ ಬೇಕಿತ್ತು. ನಾನು ಅಂಗಡಿಯಲ್ಲಿ ಬಿಸಾಡುವ ಸೀರೆಯ ಪಾರದರ್ಶಕ ಕವರುಗಳನ್ನು ತಂದುಕೊಟ್ಟೆ. ಅದನ್ನು ಬಿಚ್ಚಿ ಬಾಕ್ಸಿನ ಮೇಲೆ ಹೊದೆಸಿದಳು. ಬೆಳಕೂ ಬರುತ್ತದೆ, ಬಿಸಿಯೂ ನಿಲ್ಲುತ್ತದೆ. ಜೀವಮಾನದಲ್ಲಿ ಮೊದಲ ಸಲ ನನ್ನ ಕೆಲಸದಿಂದ ಅಮ್ಮನಿಗೊಂದು ಉಪಕಾರ ಆಯಿತು. ಪ್ಲಾಸ್ಟಿಕ್ಕಿನ ಒಳಗೆ ಬೆವರು ಕಟ್ಟುತ್ತಿತ್ತು. ಅಮ್ಮ ದಿನಾ ಬೆಳಿಗ್ಗೆ ಅದನ್ನು ಎತ್ತಿ, ಕೊಡವಿ, ಇಣುಕಿ, ಮತ್ತೆ ಮುಚ್ಚುತ್ತಿದ್ದಳು. ಮೊಳಕೆ ಕಂಡ ದಿನ ನಾನು ಬಸ್ಸಿಗೆ ಓಡುತ್ತಿದ್ದೆ. ಕೈ ಹಿಡಿದು ನಿಲ್ಲಿಸಿ ತೋರಿಸಿದಳು. ಬಸ್ಸು ಹೋಯಿತು. ನನಗೆ ಆ ದಿನ ಬೈಯಲು ಮನಸ್ಸು ಬರಲಿಲ್ಲ.

ಅತ್ತೆಗೆ ಇದೊಂದು ಹೊಸ ತಮಾಷೆ. ಅವರ ಕುರ್ಚಿ ಇರುವುದು ಜಗಲಿಯಲ್ಲೇ. ಮೊದಮೊದಲು ಅತ್ಗೆ ಮೀನಿನ ಬಾಕ್ಸಿಗೆ ಮಂಗಳಾರತಿ ಎತ್ತುವುದೊಂದು ಬಾಕಿ ಎಂದು ನನ್ನ ಹತ್ತಿರ ಅಣಕಿಸಿದರು. ಆಮೇಲೆ ಅವರೇ ಬೆಕ್ಕು ಓಡಿಸತೊಡಗಿದರು. ಮೀನಿನ ಬಾಕ್ಸು ಎಷ್ಟು ತೊಳೆದರೂ ಬೆಕ್ಕಿಗೆ ಗೊತ್ತಾಗದೆ ಇರುತ್ತದೆಯೇ? ಊರಿನ ಬೆಕ್ಕೆಲ್ಲ ನಮ್ಮ ಜಗಲಿಯಲ್ಲಿ. ಅತ್ತೆ ಊರುಗೋಲು ನೆಲಕ್ಕೆ ಕುಟ್ಟಿ ಕುಟ್ಟಿ ಅವುಗಳ ವಂಶಾವಳಿ ಬಿಡಿಸುತ್ತಿದ್ದರು. ಅಮ್ಮ ಮುಸಿಮುಸಿ ನಗುತ್ತಿದ್ದಳು.

ಸಸಿಗಳಿಗೆ ನಾಲ್ಕು ಎಲೆ ಬಂದು, ಇನ್ನು ಒಂದೊಂದನ್ನೇ ಹಾಲಿನ ಪ್ಯಾಕೆಟ್ಟಿಗೆ ಬದಲಿಸಬೇಕು ಎನ್ನುವಾಗ ಸಾಸ್ತಾನದಿಂದ ಫೋನು. ತಂಗಿ ಬಚ್ಚಲಲ್ಲಿ ಜಾರಿ ಕೈ ಮುರಿದುಕೊಂಡಿದ್ದಳು. ಅಮ್ಮ ಚೀಲ ಎತ್ತಿದಳು, ಕಟ್ಟುವ ಕೆಲಸವೂ ಇರಲಿಲ್ಲವಲ್ಲ. ಬಾಕ್ಸಿನ ಎದುರು ಮಾತ್ರ ನಿಂತುಬಿಟ್ಟಳು. ಮಣ್ಣು ತುಂಬಿದ ಬಾಕ್ಸನ್ನು ಆ ಮಳೆಯಲ್ಲಿ ಎರಡು ಬಸ್ಸು ಬದಲಿಸಿ ಒಯ್ಯುವುದುಂಟೇ? ನಾನು ಬೆಳಿಗ್ಗೆ ಹೋದರೆ ಸಂಜೆ ಬರುವವಳು. ನಮ್ಮನೆಯವರಿಗೆ ಬಲೆ ಬಿಟ್ಟರೆ ಬೇರೆ ಲೋಕ ಕಾಣುವುದಿಲ್ಲ. ಅಮ್ಮ ಅತ್ತೆಯ ಕುರ್ಚಿಯ ಹತ್ತಿರ ಹೋಗಿ, ಸ್ವಲ್ಪ ಬಗ್ಗಿ, ದಿನಕ್ಕೊಂದು ಸಲ ಒಂಚೂರು ನೀರು ಚಿಮುಕಿಸಿದರೆ ಸಾಕು ಅತ್ಗೆ, ನಾನು ಬೇಗ ಬರುತ್ತೇನೆ ಎಂದಳು. ಅಮ್ಮ ನಮ್ಮ ಮನೆಯಲ್ಲಿ ಅತ್ತೆಯ ಹತ್ತಿರ ಬಾಯಿಬಿಟ್ಟು ಕೇಳಿದ ಮೊದಲ ಉಪಕಾರ ಅದು. ನೀವು ನಿಶ್ಚಿಂತೆಯಿಂದ ಹೋಗಿ ಎಂದು ಅತ್ತೆ ಹೇಳಿದರು. ಅವರ ಮುಖದಲ್ಲಿ ಒಂದು ಠೀವಿ ಬಂತು, ಬಂದರಿನ ದಿನಗಳ ಠೀವಿ.

ನೀರು ಚಿಮುಕಿಸಿದರು. ಅಷ್ಟಕ್ಕೇ ನಿಂತಿದ್ದರೆ ಈ ಕತೆಯೇ ಇಲ್ಲ.

ನಮ್ಮ ಕಡೆ ಮೀನು ತೊಳೆದ ನೀರನ್ನು ಯಾರೂ ಸುಮ್ಮನೆ ಚೆಲ್ಲುವುದಿಲ್ಲ. ಬಸಳೆಯ ಬುಡಕ್ಕೆ, ಕರಿಬೇವಿನ ಬುಡಕ್ಕೆ ಹೊಯ್ಯುವುದು. ಅದನ್ನು ಕುಡಿದ ಬಸಳೆ ಚಪ್ಪರ ಮುರಿಯುವಷ್ಟು ಹಬ್ಬುತ್ತದೆ. ಆದರೆ ದೋಣಿ ಇಳಿಯದ ಆ ದಿನಗಳಲ್ಲಿ ಮನೆಯಲ್ಲಿ ಹಸಿ ಮೀನೆಲ್ಲಿ? ಒಣಮೀನು, ಉಪ್ಪು ಹಾಕಿದ ಬಂಗುಡೆ. ಉಪ್ಪು ಬಿಡಲೆಂದು ಅದನ್ನು ನೀರಿನಲ್ಲಿ ನೆನೆಹಾಕುತ್ತೇವೆ. ಆ ನೀರು ತೆಂಗಿನ ಬುಡಕ್ಕೆ. ತೆಂಗಿಗೆ ಉಪ್ಪೆಂದರೆ ಖುಷಿ. ಅತ್ತೆಯ ಲೆಕ್ಕದಲ್ಲಿ ಮೀನಿನ ನೀರೆಂದರೆ ಮೀನಿನ ನೀರು, ಗಿಡಕ್ಕೆ ಪುಷ್ಟಿ. ಅತ್ಗೆ ವಾಪಸು ಬರುವಷ್ಟರಲ್ಲಿ ಸಸಿ ಗೇಣುದ್ದ ಆಗಿರಬೇಕು, ನೋಡಿ ಬೆರಗಾಗಬೇಕು ಎಂದು ಅವರಿಗೆ ಆಸೆ. ನಾನು ಅಂಗಡಿಗೆ ಹೋದ ಮೇಲೆ ಬಂಗುಡೆ ನೆನೆಸಿದ ನೀರನ್ನು ಚೆಂಬಿನಲ್ಲಿ ತಂದು, ಗೋಡೆ ಹಿಡಿದುಕೊಂಡು, ಬಾಕ್ಸಿನ ಈ ತುದಿಯಿಂದ ಆ ತುದಿಯವರೆಗೆ ಹೊಯ್ದರು. ಮರುದಿನವೂ ಹೊಯ್ದರು. ಮೂಲೆಯ ಗೆರಟೆಗಳಲ್ಲಿ ಅಮ್ಮ ಹಾಕಿದ್ದ ಹರಿವೆ ಅವರ ಕೈಗೆ ಎಟಕದೆ ಬದುಕಿತು.

ಅದರ ಮಾರನೆಯ ಸಂಜೆ ನಾನು ನೋಡುವಾಗ ಎಲೆಗಳ ಅಂಚು ಸುಟ್ಟು ಕಂದಾಗಿತ್ತು. ದಂಟುಗಳು ಮಣ್ಣಿಗೆ ಒರಗಿದ್ದವು. ಬೆಕ್ಕು ಹೊರಳಾಡಿರಬೇಕು ಎಂದು ಅತ್ತೆ ಹೇಳಿದರು, ನನ್ನ ಮುಖ ನೋಡದೆ. ನಾನು ಬಗ್ಗಿ ಮೂಸಿದೆ. ಬೆರಳಿಗೆ ಮಣ್ಣು ಒತ್ತಿ ನಾಲಿಗೆಗೆ ಹಚ್ಚಿದೆ. ಉಪ್ಪು. ಬಾಲ್ದಿಗಟ್ಟಲೆ ಸಿಹಿನೀರು ಹೊಯ್ದು ಹೊಯ್ದು ಮಣ್ಣು ತೊಳೆದೆ. ಎಲ್ಲಿಯ ಮಾತು! ಅದರಲ್ಲಿ ಎದ್ದು ನಿಲ್ಲುವಂಥದ್ದು ಒಂದೂ ಉಳಿದಿರಲಿಲ್ಲ.

ಇಡೀ ದಿನ ಗಿರಾಕಿಗಳ ಎದುರು ನುಂಗಿದ ಸಿಟ್ಟೆಲ್ಲ ಹೊರಗೆ ಬಂತು. ಅತ್ತೆ ಎಂದು ನೋಡಲಿಲ್ಲ, ಅಕ್ಕಪಕ್ಕದವರು ಕೇಳುತ್ತಾರೆ ಎಂದೂ ನೋಡಲಿಲ್ಲ. ಅದು ಕಡೆಯ ಬೀಜ ಎಂದೆ. ಇನ್ನು ಅಮ್ಮ ಈ ಮನೆಗೆ ಯಾವ ಮುಖ ಇಟ್ಟುಕೊಂಡು ಬರುತ್ತಾಳೆ, ಯಾವುದನ್ನು ನಂಬಿ ಬಿಟ್ಟು ಹೋಗುತ್ತಾಳೆ ಎಂದೆ. ಅತ್ತೆ ತಿರುಗಿ ಒಂದು ಮಾತು ಆಡಲಿಲ್ಲ. ಆಡಿದ್ದರೆ ನನಗೆ ಹಗುರಾಗುತ್ತಿತ್ತು. ಅನ್ನದ ಬಟ್ಟಲನ್ನು ಹಾಗೇ ಸರಿಸಿ ಒಳಗೆ ಹೋದರು.

ಬೆಳಿಗ್ಗೆ ನಾನು ಬಾಗಿಲು ತೆಗೆಯುವಾಗ ಅವರು ಜಗಲಿಯ ಮೆಟ್ಟಿಲಲ್ಲಿ ಕೂತಿದ್ದರು. ತಲೆ ಬಾಚಿ ತುರುಬು ಕಟ್ಟಿ, ಸೀರೆಯನ್ನು ಮೀನು ಮಾರುವ ಕಾಲದ ಹಾಗೆ ಎತ್ತಿ ಕಟ್ಟಿದ್ದರು. ಬಿಜೂರಿಗೆ ಹೋಗಬೇಕು, ನೀನು ಬರುತ್ತೀಯೋ ನಾನೊಬ್ಬಳೇ ಹೋಗಲೋ ಎಂದು ಕೇಳಿದರು. ಮನೆಯ ಗೇಟು ದಾಟದೆ ವರ್ಷಗಳಾದ ಮುದುಕಿ! ಮಗ ಸ್ಕೂಟರಿನಲ್ಲಿ ಬಿಡುತ್ತೇನೆ ಎಂದರೆ, ಆ ಕುದುರೆ ಮೇಲೆ ಕಾಲೆತ್ತಿ ಹಾಕಲು ನನ್ನಿಂದ ಆಗದು ಎಂದರು. ನಾನು ಅಂಗಡಿಗೆ ಹೊಟ್ಟೆನೋವೆಂದು ಫೋನು ಮಾಡಿದೆ.

ಬಸ್ಸಿನ ಮೆಟ್ಟಿಲು ಹತ್ತಿಸುವಾಗ ಅವರು ತುಟಿ ಕಚ್ಚಿ ಹಿಡಿದದ್ದನ್ನು ನೋಡಿದೆ. ನಿನ್ನೆ ಬೈದದ್ದು ನೆನಪಾಗಿ ನನಗೆ ಕಷ್ಟವಾಯಿತು. ಬಿಜೂರಿನಲ್ಲಿ ಇಳಿದ ಮೇಲೆ ಮಾತ್ರ ನಾನು ಅವರ ಹಿಂದೆ ನಡೆಯಬೇಕಾಯಿತು. ನಾನು ಹುಟ್ಟಿ ಬೆಳೆದ ಊರು, ಆದರೂ ಅವರಿಗೆ ಗೊತ್ತಿರುವ ದಾರಿಗಳು ನನಗೆ ಗೊತ್ತಿರಲಿಲ್ಲ. ಯಾವ ಮನೆಯ ಮುಂಬಾಗಿಲೂ ಅವರಿಗೆ ಬೇಡ. ಗದ್ದೆಯಂಚಿನಲ್ಲಿ ಬಳಸಿ, ಬೇಲಿಯ ದಣಪೆ ದಾಟಿ, ನೇರ ಹಿತ್ತಲ ಬಾಗಿಲಿಗೆ. ಮೀನಿನ ಬುಟ್ಟಿ ಇಳಿಸುತ್ತಿದ್ದದ್ದು ಅಲ್ಲೇ. ಮೀನು ಕೊಟ್ಟು, ಬದಲಿಗೆ ಸೌತೆಯೋ ಬದನೆಯೋ ಬುಟ್ಟಿಯಲ್ಲಿ ಹಾಕಿಸಿಕೊಂಡು ಬರುತ್ತಿದ್ದದ್ದೂ ಅಲ್ಲೇ. ಹಾಗಾಗಿ ಯಾರ ಹಿತ್ತಲಲ್ಲಿ ಏನು ಬೆಳೆಯುತ್ತಿತ್ತು ಎಂಬುದು ಅವರಿಗೆ ಬಾಯಿಪಾಠ.

ಮೊದಲ ಮನೆಯಲ್ಲಿ ಪೇಟೆಯ ಉದ್ದ ನೇರಳೆ ಬದನೆ. ಎರಡನೆಯದರಲ್ಲಿ ಹಿತ್ತಲೇ ಇರಲಿಲ್ಲ, ಇಂಟರ್‌ಲಾಕ್ ಹಾಕಿಸಿದ್ದರು. ದಾರಿಯಲ್ಲಿ ನಮ್ಮ ಮನೆಯ ಕಾಂಪೌಂಡು ಸಿಕ್ಕಿತು. ಅತ್ತೆ ಅಲ್ಲಿ ಸ್ವಲ್ಪ ನಿಂತರು. ನಿನ್ನ ಅಮ್ಮ ಮೀನಿಗೆ ಚೌಕಾಸಿ ಮಾಡಿದವಳಲ್ಲ, ಕೊಡುವ ಬದನೆಯಲ್ಲಿ ಹುಳುಕು ಇಟ್ಟವಳೂ ಅಲ್ಲ, ಅದನ್ನು ನೋಡಿಯೇ ಅವಳ ಮಗಳನ್ನು ಕೇಳಿದ್ದು ಎಂದರು. ಇಷ್ಟು ವರ್ಷ ನಾನು ನನ್ನ ಚಂದ ನೋಡಿ ತಂದುಕೊಂಡರು ಎಂದು ತಿಳಿದಿದ್ದೆ.

ಮತ್ತೊಂದು ಮನೆಯ ಹಿತ್ತಲಲ್ಲಿ ನಿಂತು ಅತ್ತೆ "ಹ್ವಾಯ್" ಎಂದು ಕರೆದರು. ಹಳೆಯ ಗಂಟಲೇ ಬಂತು. ಒಳಗಿನಿಂದ ಬಂದ ಹೆಂಗಸು ಅಭ್ಯಾಸದಲ್ಲಿ ಬಟ್ಟಲು ಹಿಡಿದೇ ಬಂದಳು. ಬುಟ್ಟಿ ಕಾಣದೆ ನಕ್ಕಳು. ಆಮೇಲೆ ಗುರುತು ಹಿಡಿದು ಬದುಕಿದ್ದೀರಾ ಮಾರಾಯ್ತಿ ಎಂದು ಕೈ ಹಿಡಿದುಕೊಂಡಳು. ಅತ್ತೆ ಸುತ್ತಿ ಬಳಸಿ ಹೇಳಲಿಲ್ಲ. ಮಾಡಿದ್ದನ್ನು ಹೇಳಿದರು. ಆ ಹೆಂಗಸು ಬಚ್ಚಲಿನ ಹಿಂದೆ ಕರೆದುಕೊಂಡು ಹೋದಳು. ಅಲ್ಲಿ, ಅರ್ಧ ಸೀಳಿದ ಎಣ್ಣೆಯ ಕ್ಯಾನಿನಲ್ಲಿ, ಸೂರಿನ ಕೆಳಗೆ, ಬದನೆ ಸಸಿಗಳು ಒತ್ತಾಗಿ ನಿಂತಿದ್ದವು. ಎಲೆಯ ನಡುವಿನ ನರದಲ್ಲಿ ಮುಳ್ಳು. ಮುಟ್ಟಿ ನೋಡಿದೆ, ಹೆಟ್ಟಿತು. ನಿಮ್ಮ ಸಸಿ ನಿಮಗೆ ಕಡಿಮೆಯಾಗುವುದಿಲ್ಲವೇ ಎಂದು ನಾನು ಕೇಳಿದೆ.

"ಇದ್ ನಿಮ್ಮಮ್ಮ ಕೊಟ್ಟ ಬೀಜವೇ. ಅವ್ರದ್ದನ್ನ ಅವ್ರಿಗ್ ಕೊಡುಕೆ ನಂಗೆಂತ ಕಷ್ಟ" ಎಂದಳು.

ಬೇರಿನ ಮಣ್ಣು ಉದುರದ ಹಾಗೆ ಎಬ್ಬಿಸಿ, ಕೆಸುವಿನ ಎಲೆಯಲ್ಲಿ ಸುತ್ತಿ ಬಾಳೆಯ ನಾರಿನಿಂದ ಕಟ್ಟಿಕೊಟ್ಟಳು. ಜೊತೆಗೆ ಎರಡು ಚೀಲ ಕೆಂಪು ಮಣ್ಣು. ಬಸ್ಸಿನಲ್ಲಿ ಅತ್ತೆ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಮರವಂತೆಯಲ್ಲಿ ಕಡಲು ರಸ್ತೆಯ ಪಕ್ಕಕ್ಕೇ ಬಂದು ಬಡಿಯುತ್ತಿತ್ತು. ಅತ್ತ ನೋಡಲೂ ಇಲ್ಲ. ನಾನು ಖಾಲಿ ಹಾಲಿನ ಪ್ಯಾಕೆಟ್ಟು ಎಷ್ಟಿವೆ, ಮಣ್ಣು ಸಾಕಾದೀತೇ ಎಂದು ಲೆಕ್ಕ ಹಾಕುತ್ತಿದ್ದೆ.

ಮನೆಗೆ ಬಂದದ್ದೇ ಅತ್ತೆ ಮಗನನ್ನು ಬಲೆಯಿಂದ ಎಬ್ಬಿಸಿದರು. ಅಂಗಳದ ತೆಂಕು ಬದಿಯಲ್ಲಿ ಹೊಯ್ಗೆ ತೋಡು, ಹೊಂಡಕ್ಕೆ ಈ ಕೆಂಪು ಮಣ್ಣು ತುಂಬು ಎಂದು ಹುಕುಂ. ನನಗೆ ಗಾಬರಿಯಾಯಿತು. ಅಮ್ಮ ನೆಲದಲ್ಲಿ ನೆಡುವುದಿಲ್ಲ ಎಂದಿದ್ದಾಳೆ, ಮೇಲಾಗಿ ಈ ಮಳೆಗೆ ನೆಲದ ಸಸಿ ನಿಲ್ಲುವುದಿಲ್ಲ, ಡಬ್ಬಿಯಲ್ಲೇ ಇಡೋಣ ಎಂದೆ. ಅತ್ತೆ ನನ್ನನ್ನು ದಿಟ್ಟಿಸಿ ನೋಡಿದರು. ಅಮ್ಮ ನನಗೆ ಹೇಳಿದ್ದನ್ನು ಅವರು ಕುರ್ಚಿಯಲ್ಲಿ ಕೂತು ಕೇಳಿಸಿಕೊಂಡಿದ್ದರು ಎಂದು ಆಗ ತಿಳಿಯಿತು.

"ಡಬ್ಬಿಯಂಗಿಟ್ರೆ ಹೊತ್ಕಂಡ್ ಹೋತ್ರ್. ನೆಲದಂಗ್ ನೆಡು, ಕಾಂಬ" ಎಂದರು.

ಮಣೆ ಹಾಕಿಸಿಕೊಂಡು, ಮಗನಿಂದ ಕೊಡೆ ಹಿಡಿಸಿಕೊಂಡು, ಒಂದೊಂದೇ ಸಸಿಯನ್ನು ಅವರೇ ನೆಟ್ಟರು. ನೆಟ್ಟು ಗೊತ್ತಿದ್ದವರಲ್ಲ. ಮೀನು ಜೋಡಿಸಿದ ಹಾಗೆ ಒತ್ತೊತ್ತಾಗಿ ಜೋಡಿಸಿದರು. ಕೆಲವಕ್ಕೆ ಬೇರು ಮೇಲೆ, ಕೆಲವಕ್ಕೆ ಎಲೆಯವರೆಗೆ ಮಣ್ಣು. ಹೇಳಲು ಹೋದರೆ ನನಗೇ ಬೈಗಳು. ಮಳೆ ಬಡಿಯದಿರಲೆಂದು ಥರ್ಮಾಕೋಲ್ ಬಾಕ್ಸುಗಳ ಮುಚ್ಚಳಗಳನ್ನು ಕೋಲು ಕೊಟ್ಟು ಮೇಲೆ ನಿಲ್ಲಿಸಿದರು. ಗಾಳಿಗೆ ಅವು ಹಾರಿ ಪಕ್ಕದ ಮನೆಗೆ ಹೋದವು. ನಮ್ಮನೆಯವರು ಹರಿದ ಬಲೆ ತಂದು ಬಿಗಿದರು.

ಅಮ್ಮ ಬಂದದ್ದು ಎರಡು ದಿನದ ಮೇಲೆ, ತಂಗಿಯ ಗಂಡ ರಜೆ ಹಾಕಿ ಮನೆಯಲ್ಲಿ ನಿಂತ ಬಳಿಕ. ಆ ಎರಡು ದಿನ ಅತ್ತೆ ಸರಿಯಾಗಿ ಉಣ್ಣಲಿಲ್ಲ. ಗೇಟಿನ ಸದ್ದಾದರೆ ಕುರ್ಚಿಯಲ್ಲಿ ನೆಟ್ಟಗಾಗುತ್ತಿದ್ದರು. ಅಮ್ಮ ಒದ್ದೆ ಕೊಡೆ ಮಡಚಿ, ಚೀಲ ಹಿಡಿದುಕೊಂಡೇ ಜಗಲಿಯ ಬಾಕ್ಸಿನ ಕಡೆ ನೋಡಿದಳು. ಬಾಕ್ಸು ಬರಿದಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಎದ್ದು ನಿಂತರು, ಊರುಗೋಲಿಲ್ಲದೆ.

"ನಿಮ್ ಸಸಿ ಕೊಂದದ್ ನಾನೇ, ಅತ್ಗೆ. ಒಣಮೀನಿನ್ ನೀರ್ ಹೊಯ್ದೆ. ಬೆಳಿಲಿ ಅಂದ್ಹೇಳಿ ಹೊಯ್ದದ್."

ಅಮ್ಮನ ಮುಖ ಬಿಳಿಚಿಕೊಂಡಿತು. ಇಲ್ಲ ಬಿಡಿ, ಪರವಾಗಿಲ್ಲ ಎಂದು ನೆಂಟರ ಮನೆಯಲ್ಲಿ ಹೇಳುವಂಥ ಒಂದು ಮಾತನ್ನು ಅವಳು ಹುಡುಕುತ್ತಿದ್ದಳು. ಅತ್ತೆ ಅದಕ್ಕೆ ಎಡೆ ಕೊಡದೆ ಅವಳ ಮಣಿಕಟ್ಟು ಹಿಡಿದು ಅಂಗಳಕ್ಕೆ ಇಳಿಸಿದರು. ಒಬ್ಬರನ್ನೊಬ್ಬರು ಹಿಡಿದುಕೊಂಡು ಇಬ್ಬರೂ ಮಳೆಯಲ್ಲಿ ನಡೆದರು. ಅತ್ತೆ ಕೋಲಿನಿಂದ ಬಲೆ ಎತ್ತಿ ತೋರಿಸಿದರು.

ಅಮ್ಮ ಬಗ್ಗಿ ಒಂದು ಎಲೆ ತಿರುವಿದಳು. ಮುಳ್ಳಿನ ಮೇಲೆ ಬೆರಳಾಡಿಸಿದಳು. ಎಲ್ಲಿಯದು ಎಂದು ಕೇಳಿದಳು. ಅತ್ತೆ ಆ ಮನೆಯ ಗುರುತು ಹೇಳಿದರು. ನಡೆದು ಹೋದಿರಾ, ಆ ಕಾಲಿನಲ್ಲಿ ಎಂದು ಅಮ್ಮ ಕೇಳಿದಳು. ಹೂಂ ಎಂದರು. ಅಮ್ಮ ಅಲ್ಲೇ ಹೊಯ್ಗೆಯ ಮೇಲೆ ಕುಕ್ಕರಿಸಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಬಿಜೂರಿನ ಮನೆ ಬಿಟ್ಟ ದಿನವೂ ಅತ್ತವಳಲ್ಲ. ಅತ್ತೆ ಪಕ್ಕದಲ್ಲೇ ನಿಂತಿದ್ದರು, ನೆನೆಯುತ್ತ.

ಅತ್ತು ಮುಗಿದ ಮೇಲೆ ಅಮ್ಮ ಮೂಗು ಒರೆಸಿಕೊಂಡು ಸಾಲುಗಳನ್ನು ಮತ್ತೊಮ್ಮೆ ನೋಡಿದಳು. ಅವಳ ದನಿ ಬದಲಾಯಿತು. ಇದೆಂಥ ನೆಡುವುದು ಎಂದು ಶುರುಮಾಡಿದಳು. ಇಷ್ಟು ಒತ್ತಿಗೆ ಇಟ್ಟರೆ ಒಂದರ ಕಾಯಿ ಒಂದು ತಿನ್ನಬೇಕೇ, ಬೇರು ಆಕಾಶ ನೋಡುತ್ತಿದೆ, ಈ ಮಳೆಗೆ ನೆಲಕ್ಕೆ ಯಾರಾದರೂ ಇಳಿಸುತ್ತಾರೆಯೇ, ಬುಡದಲ್ಲಿ ನೀರು ನಿಂತಿದೆ ನೋಡಿ. ಬೀಗಿತ್ತಿಗೆ ಎದುರು ನಿಂತು ಬೈದೇ ಬೈದಳು. ಅತ್ತೆ ತಲೆ ತಗ್ಗಿಸಿ ಕೇಳಿದರು, ಒಂದೆರಡು ಕಡೆ ಎದುರುತ್ತರವನ್ನೂ ಕೊಟ್ಟರು. ನಾನು ಜಗಲಿಯಲ್ಲಿ ನಿಂತು ಈ ಜಗಳ ನಿಲ್ಲದಿರಲಿ ದೇವರೇ ಎಂದುಕೊಂಡೆ. ಅಮ್ಮ ಸೀರೆ ಎತ್ತಿ ಕಟ್ಟಿ, ಗುದ್ದಲಿ ಎಲ್ಲಿದೆ ಎಂದು ಅಳಿಯನನ್ನು ಕೇಳಿದಳು. ಕತ್ತಲಾಗುವವರೆಗೂ ಇಬ್ಬರೂ ಅಂಗಳದಲ್ಲೇ ಇದ್ದರು. ಒಬ್ಬಳು ಕೀಳುವುದು, ನೆಡುವುದು. ಮತ್ತೊಬ್ಬರು ಕೊಡೆ ಹಿಡಿಯುವುದು.

ಅದಾಗಿ ಕೆಲವು ವಾರಕ್ಕೆ ತಂಗಿಯ ಫೋನು ಬಂತು. ಅಮ್ಮ ಸ್ಪೀಕರಿನಲ್ಲೇ ಮಾತಾಡುವುದು, ಊರಿಗೆಲ್ಲ ಕೇಳುತ್ತದೆ. ಕೈಯ ಬ್ಯಾಂಡೇಜು ಬಿಚ್ಚಿದ್ದಾರೆ, ನೀನು ಇತ್ತ ಯಾವಾಗ ಬರುವುದು ಎಂದು ತಂಗಿ ಕೇಳಿದಳು. ಲೆಕ್ಕದ ಪ್ರಕಾರ ಅಮ್ಮ ಸಾಸ್ತಾನಕ್ಕೆ ಹೋಗಬೇಕಾದ ಸರದಿ. ನಾನು ಅಡುಗೆಮನೆಯಲ್ಲಿ ಒಗ್ಗರಣೆಗೆ ಇಟ್ಟಿದ್ದ ಬಾಣಲೆಯನ್ನು ಕೆಳಗಿಳಿಸಿ ಕಿವಿ ಕೊಟ್ಟೆ. ಅಂಗಳದಲ್ಲಿ ಸಸಿಗಳು ಬೇರು ಹಿಡಿದಿದ್ದವು, ಎಲ್ಲವೂ ಅಲ್ಲ, ಮುಕ್ಕಾಲು ಪಾಲು. ನೋಡಿಕೊಳ್ಳುವುದಕ್ಕೆ ಅವಳೇ ಬೇಕೆಂದೇನೂ ಇರಲಿಲ್ಲ. ಅತ್ತೆಗೂ ಈಗ ಕಲಿಸಿಯಾಗಿತ್ತು.

ಅಮ್ಮ ಹೇಳಿದಳು:

"ನಾ ಸದ್ಯ ಬತ್ತಿಲ್ಲೆ ಮಗಾ. ನೀನೇ ಬಾ, ಗಂಡನ್ನೂ ಕರ್ಕಂಡ್. ನಾಲ್ಕ್ ದಿನ ಇದ್ಕಂಡ್ ಹೋಯ್ಲಕ್ಕ್."

ನೆಂಟಳಾಗಿ ಬಂದವಳು ಇನ್ನೊಬ್ಬರನ್ನು ಮನೆಗೆ ಕರೆಯುವುದಿಲ್ಲ. ಅದು ಅಮ್ಮನಿಗೂ ಗೊತ್ತು, ಫೋನಿನ ಆ ಕಡೆ ಇದ್ದ ತಂಗಿಗೂ ಗೊತ್ತು. ತಂಗಿ ಹೂಂ ಎಂದಳು. ಕುರ್ಚಿಯಲ್ಲಿದ್ದ ಅತ್ತೆ ನನ್ನನ್ನು ಕೂಗಿ, ಅವರು ಬರುವುದಾದರೆ ಅಕ್ಕಿ ಹೆಚ್ಚು ತರಿಸು ಎಂದರು.